ಕಾಣೆಯಾದ ಕರ್ತೃ

ಅಪಘಾತದ ತನಿಖಾ ವರದಿಯನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ಆದರೂ ಅದರಲ್ಲಿ ಕಥೆಯಿದೆ, ಪಾತ್ರಗಳಿವೆ, ಮೊದಲೇ ಗೊತ್ತಿರುವ ಕೊನೆಯಿದೆ. ಕಾದಂಬರಿಗೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬಹುದು: ಯಾರ ಕಣ್ಣಿನಿಂದ ನೋಡುತ್ತದೆ? ಯಾರನ್ನು ಹೊಣೆ ಮಾಡುತ್ತದೆ? ಏನನ್ನು ಬಿಡುತ್ತದೆ? ಟರ್ಕಿಶ್ ಏರ್‌ಲೈನ್ಸ್ 1951 ವಿಮಾನದ ಅಪಘಾತದ ಬಗ್ಗೆ ಡಚ್ ಸುರಕ್ಷತಾ ಮಂಡಳಿ 2010ರಲ್ಲಿ ಪ್ರಕಟಿಸಿದ ವರದಿಯನ್ನು ನಾನು ಹಾಗೆ ಓದಲು ಪ್ರಯತ್ನಿಸಿದ್ದೇನೆ.

ಮೊದಲು ಕಥೆ. 2009ರ ಫೆಬ್ರವರಿ 25. ಇಸ್ತಾಂಬುಲ್‌ನಿಂದ 135 ಜನರನ್ನು ಹೊತ್ತ ಬೋಯಿಂಗ್ 737-800 ವಿಮಾನ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಮೋಡ ಕವಿದಿತ್ತು, ರನ್‌ವೇ ಕಡೆಯಿಂದ ಬರುವ ರೇಡಿಯೋ ಸಂಕೇತಗಳನ್ನು ಹಿಡಿದು ಇಳಿಯುವ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಅದು. ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆಂದು ಅಳೆಯಲು ಈ ವಿಮಾನದಲ್ಲಿ ಎರಡು ರೇಡಿಯೋ ಆಲ್ಟಿಮೀಟರ್‌ಗಳಿರುತ್ತವೆ. ಎಡಗಡೆಯದು ಕೆಟ್ಟು, ಮೈನಸ್ 8 ಅಡಿ ಎಂದು ತೋರಿಸುತ್ತಿತ್ತು. ವಿಮಾನ ಸುಮಾರು 1,950 ಅಡಿ ಎತ್ತರದಲ್ಲಿದ್ದಾಗ, ಎಂಜಿನ್‌ಗಳ ಶಕ್ತಿ ನೋಡಿಕೊಳ್ಳುವ ಆಟೋಥ್ರಾಟಲ್ ಆ ಅಳತೆಯನ್ನು ನಂಬಿತು. ನೆಲ ಬಂದೇಬಿಟ್ಟಿತೆಂದು ತಿಳಿದು, ಇಳಿಯುವ ಕೊನೆಯ ಗಳಿಗೆಯಲ್ಲಿ ಮಾಡಬೇಕಾದಂತೆ ಶಕ್ತಿಯನ್ನು ಪೂರ್ತಿ ತಗ್ಗಿಸಿತು. ದಾರಿ ಹಿಡಿದು ನಡೆಸುವ ಆಟೋಪೈಲಟ್ ಮಾತ್ರ ಬಲಗಡೆಯ ಸರಿಯಾದ ಆಲ್ಟಿಮೀಟರಿನ ಮಾತು ಕೇಳುತ್ತಿತ್ತು. ಅದು ಇಳಿಜಾರಿನ ದಾರಿ ತಪ್ಪಬಾರದೆಂದು, ವೇಗ ಕುಂದಿದಷ್ಟೂ ವಿಮಾನದ ಮೂತಿಯನ್ನು ಎತ್ತುತ್ತ ಹೋಯಿತು. ಒಂದೇ ವಿಮಾನದಲ್ಲಿ ಎರಡು ನಂಬಿಕೆ. ತಮಗೆ ತಿಳಿದಷ್ಟಕ್ಕೆ ಎರಡೂ ಪ್ರಾಮಾಣಿಕ.

ಕಾಕ್‌ಪಿಟ್‌ನಲ್ಲಿ ಮೂವರಿದ್ದರು: ಕಲಿಸುತ್ತಿದ್ದ ಕ್ಯಾಪ್ಟನ್, ಈ ಮಾರ್ಗದಲ್ಲಿ ತರಬೇತಿಯಲ್ಲಿದ್ದ ಫಸ್ಟ್ ಆಫೀಸರ್, ಹಿಂದೆ ಕೂತು ಗಮನಿಸಬೇಕಿದ್ದ ಇನ್ನೊಬ್ಬ ಪೈಲಟ್. ವಿಮಾನ ಇಳಿಜಾರಿನ ಸಂಕೇತವನ್ನು ಮೇಲಿನಿಂದ ಬಂದು ಹಿಡಿಯಬೇಕಾಗಿತ್ತು. ಅದಕ್ಕಾಗಿ ವೇಗವನ್ನೂ ಎತ್ತರವನ್ನೂ ಬೇಗ ಕಳೆಯಬೇಕಿತ್ತು. ಹಾಗಾಗಿ ಎಂಜಿನ್ ಶಕ್ತಿ ತಗ್ಗಿದ್ದು ಆ ಕ್ಷಣಕ್ಕೆ ಬೇಕಾದದ್ದೇ ಆಗಿತ್ತು. ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸುವ ಜಾಗ ಇದು. ಇಲ್ಲಿ ತಪ್ಪು ಸರಿಯ ವೇಷದಲ್ಲಿ ಬರುತ್ತದೆ. ಎದುರಿನ ಪರದೆಯ ಮೇಲೆ ಹಸಿರು ಅಕ್ಷರಗಳ 'ರಿಟಾರ್ಡ್' ಎಂಬ ಒಂದು ಪದವಷ್ಟೇ ಬೇರೆ ಕಥೆ ಹೇಳುತ್ತಿತ್ತು. ಸುಮಾರು 100 ಸೆಕೆಂಡು ಅದನ್ನು ಯಾರೂ ಓದಲಿಲ್ಲ.

460 ಅಡಿ ಎತ್ತರದಲ್ಲಿ ಸ್ಟಾಲ್ ಎಚ್ಚರಿಕೆಯಾಗಿ ಕಂಟ್ರೋಲ್ ಅದುರಿತು. ಫಸ್ಟ್ ಆಫೀಸರ್ ಥ್ರಾಟಲ್ ಮುಂದಕ್ಕೆ ತಳ್ಳಿದರು. ಕ್ಯಾಪ್ಟನ್ ನಿಯಂತ್ರಣ ತೆಗೆದುಕೊಂಡರು. ಕೈಯಿಂದ ಕೈಗೆ ಹೋಗುವ ಆ ಸಣ್ಣ ಎಡೆಯಲ್ಲಿ ಆಟೋಥ್ರಾಟಲ್ ಅದನ್ನು ಮತ್ತೆ ಹಿಂದಕ್ಕೆ ಎಳೆಯಿತು. ವಿಮಾನ ರನ್‌ವೇಗಿಂತ ಸುಮಾರು ಒಂದೂವರೆ ಕಿಲೋಮೀಟರ್ ಮೊದಲೇ ಹೊಲಕ್ಕೆ ಬಿತ್ತು. ಮೂವರು ಪೈಲಟ್‌ಗಳೂ ಸೇರಿ 9 ಮಂದಿ ಸತ್ತರು.

ಇದನ್ನು 'ಆಟೋಪೈಲಟ್‌ನ ತಪ್ಪು' ಎಂದುಬಿಡುವುದು ಸುಲಭ. ಆದರೆ ಸರಿಯಾದ ಅಳತೆ ಹಿಡಿದಿದ್ದದ್ದು ಆಟೋಪೈಲಟ್ಟೇ. 'ಪೈಲಟ್‌ಗಳ ತಪ್ಪು' ಎನ್ನುವುದು ಅದಕ್ಕಿಂತ ಸುಲಭ. ಕನ್ನಡದಲ್ಲಿ ವೇಗ ಇಳಿಯಿತು, ವೇಗ ಇಳಿಸಿದರು, ವೇಗ ಇಳಿಸಲಾಯಿತು ಎಂದು ಮೂರು ಬಗೆಯಲ್ಲಿ ಹೇಳಬಹುದು. ಮೊದಲನೆಯದರಲ್ಲಿ ಅದು ಮಳೆ ಬಂದ ಹಾಗೆ ತಾನಾಗಿ ಆದದ್ದು. ಎರಡನೆಯದರಲ್ಲಿ ಮಾಡಿದವರಿದ್ದಾರೆ. ಮೂರನೆಯದರಲ್ಲಿ ಯಾರೋ ಮಾಡಿದ್ದಾರೆ, ಹೆಸರಿಲ್ಲ. ನಮ್ಮ ವ್ಯಾಕರಣದಲ್ಲಿ ಕ್ರಿಯೆ ಮಾಡಿದವನೂ ಕರ್ತೃ, ಕೃತಿ ಬರೆದವನೂ ಕರ್ತೃ. ಯಾವ ವರದಿಯನ್ನೇ ಓದಲಿ, ಈ ಎರಡೂ ಕರ್ತೃಗಳನ್ನು ಹುಡುಕಬೇಕು.

ಡಚ್ ವರದಿ ಹಲವು ಸಂದರ್ಭಗಳು ಒಂದೆಡೆ ಕೂಡಿದ್ದರಿಂದ ದುರಂತವಾಯಿತು ಎನ್ನುತ್ತದೆ. ಮೋಡದೊಳಗೆ 1,000 ಅಡಿಗೆ ಬರುವಾಗ ಎಲ್ಲವೂ ಸ್ಥಿರವಾಗಿರದಿದ್ದರೆ ಮತ್ತೆ ಮೇಲೇರಬೇಕೆಂಬ ನಿಯಮವಿತ್ತು, ಅದು ಪಾಲನೆಯಾಗಲಿಲ್ಲ ಎನ್ನುತ್ತದೆ. ಎರಡೂ ನಿಜ. ಆಲ್ಟಿಮೀಟರ್‌ಗಳ ತೊಂದರೆ ಬೋಯಿಂಗ್‌ಗೆ ಮೊದಲೇ ತಿಳಿದಿತ್ತೆಂಬುದನ್ನೂ ಅದು ಮುಚ್ಚಿಡುವುದಿಲ್ಲ. ಆದರೆ ಕಥೆಯ ಭಾರ ಎಲ್ಲಿ ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ನೋಡದೆ ಹೋದ, ಮಾಡದೆ ಹೋದ ಪೈಲಟ್‌ಗಳು ಕಥೆಯುದ್ದಕ್ಕೂ ಕರ್ತೃಗಳು. ಯಂತ್ರದ ವಿನ್ಯಾಸ ಮಾತ್ರ ಹವಾಮಾನದ ಹಾಗೆ ಹಿನ್ನೆಲೆಗೆ ಸರಿಯುತ್ತದೆ.

ಈ ಕೃತಿಗೆ ಒಂದು ಪಾಠಾಂತರವೂ ಇತ್ತು. ತನಿಖೆಗಾಗಿಯೇ ಸಿಡ್ನಿ ಡೆಕ್ಕರ್ ಎಂಬ ತಜ್ಞರು 2009ರಲ್ಲಿ ಒಂದು ಅಧ್ಯಯನ ಬರೆದುಕೊಟ್ಟಿದ್ದರು. ಬಲಗಡೆಯ ಆಟೋಪೈಲಟ್ ನಡೆಸುತ್ತಿದ್ದಾಗಲೂ ಆಟೋಥ್ರಾಟಲ್ ಎಡಗಡೆಯ ಆಲ್ಟಿಮೀಟರನ್ನೇ ನಂಬುತ್ತದೆ ಎಂಬುದು ಪೈಲಟ್‌ಗಳ ಕೈಪಿಡಿಯಲ್ಲಾಗಲಿ ತರಬೇತಿಯಲ್ಲಾಗಲಿ ಇರಲಿಲ್ಲ ಎಂದು ಅದು ಹೇಳುತ್ತದೆ. ಅಂದರೆ ಇಂಥ ಯಂತ್ರವನ್ನು ರೂಪಿಸಿದವರನ್ನು ವಾಕ್ಯದೊಳಗೆ ಕರೆತರುತ್ತದೆ. ಆ ಅಧ್ಯಯನ ಆಗ ಪ್ರಕಟವಾಗಲಿಲ್ಲ. ಬೋಯಿಂಗ್ ಕೂಡ ಇದ್ದ ಅಮೆರಿಕದ ತಂಡ ಆಕ್ಷೇಪಿಸಿದ ಬಳಿಕ ಕಂಪನಿಯ ಮೇಲಿನ ಟೀಕೆಗಳನ್ನು ಅಂತಿಮ ವರದಿಯಲ್ಲಿ ಕೈಬಿಡಲಾಯಿತು ಅಥವಾ ಮೆತ್ತಗೆ ಮಾಡಲಾಯಿತು ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2020ರ ಜನವರಿಯಲ್ಲಿ ಬರೆಯಿತು. ಮಂಡಳಿ ಅಧ್ಯಯನವನ್ನು ಹೊರಗೆ ಬಿಟ್ಟದ್ದು ಆಮೇಲೆ.

ಅಷ್ಟರಲ್ಲಿ 2018 ಮತ್ತು 2019ರಲ್ಲಿ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತಿದ್ದರು. ಅಲ್ಲಿಯೂ ಒಂದೇ ಸಂವೇದಕದ ತಪ್ಪು ಮಾತನ್ನು ಯಂತ್ರ ನಂಬಿತ್ತು. ಹಾಗೆ ನಂಬುವ ವ್ಯವಸ್ಥೆಯೊಂದು ವಿಮಾನದಲ್ಲಿದೆ ಎಂಬುದೇ ಮೊದಲ ಅಪಘಾತದ ಪೈಲಟ್‌ಗಳ ಕೈಪಿಡಿಯಲ್ಲಿರಲಿಲ್ಲ. ಆ ಅಧ್ಯಯನ ಮೊದಲೇ ಬಂದಿದ್ದರೆ ಈ ಸಾವುಗಳು ತಪ್ಪುತ್ತಿದ್ದವು ಎನ್ನುವುದು ದುಡುಕಾದೀತು. ಆದರೆ ಎಂಥ ಪ್ರಶ್ನೆ ಕೇಳಬೇಕೆಂಬುದು ಹತ್ತು ವರ್ಷ ಮೊದಲೇ ಬರಹದಲ್ಲಿತ್ತು, ಓದುಗರಿಗೆ ಸಿಗಲಿಲ್ಲ.

ಪಾಠಾಂತರಗಳನ್ನು ಹೋಲಿಸುವುದು ಹಸ್ತಪ್ರತಿಗಳ ಕಾಲಕ್ಕೆ ಮುಗಿದ ಕೆಲಸವೆಂದು ಸಾಹಿತ್ಯದ ವಿದ್ಯಾರ್ಥಿಗಳು ತಿಳಿಯಬೇಕಾಗಿಲ್ಲ. ಈ ಎರಡು ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಪೈಲಟ್‌ಗಳು ನೋಡಲಿಲ್ಲ. ಇನ್ನೊಂದರಲ್ಲಿ ಅವರಿಗೆ ಏನನ್ನು ನೋಡಬೇಕೆಂದು ಯಾರೂ ಹೇಳಿರಲಿಲ್ಲ. ನಡೆದ ಘಟನೆ ಒಂದೇ, ಬದಲಾದದ್ದು ಕರ್ತೃ. ಸತ್ತ ಮೂವರು ಪೈಲಟ್‌ಗಳು ತಮ್ಮ ಪರವಾಗಿ ಏನನ್ನೂ ಬರೆಯಲಾರರಾದ್ದರಿಂದ, ಈ ವ್ಯತ್ಯಾಸ ಗುರುತಿಸುವ ಕೆಲಸ ಓದುಗರದು.