ಗಟ್ಟಿ ಬುಷ್‌ನ ಮೋಹ

ಹಳೆಯ ಮಾರುತಿ ಜಿಪ್ಸಿಯ ಹಿಂದಿನ ಪಾಟಾದ (ಲೀಫ್ ಸ್ಪ್ರಿಂಗ್) ಬುಷ್ ಸವೆದಿದ್ದರೆ ಸ್ಟಿಯರಿಂಗ್ ಹಿಡಿದವನಿಗೆ ತಿರುವಿನಲ್ಲೇ ತಿಳಿಯುತ್ತದೆ. ಮುಂಭಾಗ ತಿರುಗಿದ ಅರೆಕ್ಷಣದ ಮೇಲೆ ಹಿಂಭಾಗ ತಡವಾಗಿ ಜರುಗುತ್ತದೆ. ಗ್ಯಾರೇಜಿಗೆ ಒಯ್ದರೆ ಈಗ ಸಿಗುವ ಸಲಹೆ ಒಂದೇ: 'ರಬ್ಬರ್ ಬ್ಯಾಡ್ರಿ, ಪಿಯು ಹಾಕಸ್ರಿ.' ಪಾಲಿಯುರೆಥೇನಿನ ಈ ಗಟ್ಟಿ ಬುಷ್‌ಗೆ ಸುಧಾರಣೆ ಎಂಬ ಹೆಸರು ಬಂದುಬಿಟ್ಟಿದೆ. ಆ ಹೆಸರು ಬಹುಮಟ್ಟಿಗೆ ಅದಕ್ಕೆ ಸಲ್ಲದು ಎಂಬುದು ನನ್ನ ಅಭಿಪ್ರಾಯ.

1985ರಲ್ಲಿ ಬಂದ ಜಿಪ್ಸಿ ನಮ್ಮ ರ‍್ಯಾಲಿಗಳಲ್ಲಿ ದಶಕಗಟ್ಟಲೆ ಓಡಿದ ಗಾಡಿ. ಅದಕ್ಕೂ ಮೊದಲು, 1982ರ ಹೊತ್ತಿಗೆ, ಬೆಂಗಳೂರಿನ ಸಿಪಾನಿಯವರು ತಂದ ಫೈಬರ್‌ಗ್ಲಾಸ್ ಮೈಯ ಡಾಲ್ಫಿನ್ ಕೂಡ ರ‍್ಯಾಲಿಗೆ ಇಳಿದಿತ್ತು. ಎರಡಕ್ಕೂ ಹಿಂದೆ ಪಾಟಾ. ಅಂಥ ಕಾರುಗಳ ಅಭಿಮಾನಿಗಳಿಗೆ ರ‍್ಯಾಲಿಯಲ್ಲಿ ನಡೆದದ್ದು ಮನೆಯ ಗಾಡಿಗೂ ಬೇಕೆನಿಸುವುದು ಸಹಜ. ಆದರೆ ರ‍್ಯಾಲಿ ಗಾಡಿಯ ಅಡಿಭಾಗವನ್ನು ಮಿಸ್ತ್ರಿಗಳು ಹಂತಹಂತಕ್ಕೂ ತಡಕಿ ನೋಡುತ್ತಾರೆ. ನಮ್ಮ ಬೀದರ್ ಸೀಮೆಯ ಘಾಟಬೋರಾಳದಲ್ಲಿ ಮನೆಯಂಗಳದಲ್ಲಿ ನಿಲ್ಲುವ ಗಾಡಿಯ ಕೆಳಗೆ ಯಾರೂ ಹೊಕ್ಕು ನೋಡುವುದಿಲ್ಲ.

ರಬ್ಬರ್ ಬುಷ್ ಎಷ್ಟು ಜಾಣತನದ ಸಾಮಾನು ಎಂದು ನಾವು ಲೆಕ್ಕಕ್ಕೇ ತಂದುಕೊಂಡಿಲ್ಲ. ಒಳಗಿನ ಉಕ್ಕಿನ ಕೊಳವೆಗೂ ಹೊರಗಿನದಕ್ಕೂ ರಬ್ಬರು ಅಂಟಿಕೊಂಡಿರುವ ಬುಷ್‌ನಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಚಕ್ರ ಏರಿಳಿದಂತೆ ರಬ್ಬರೇ ಹುರಿಗೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಜಾರಿಕೆ ಇಲ್ಲದ ಮೇಲೆ ಗ್ರೀಸು ಬೇಡ, ಧೂಳು ಹೊಗಲು ದಾರಿಯೂ ಇಲ್ಲ. ಪಿಯು ಬುಷ್ ಹಾಗಲ್ಲ. ಅದು ಉಕ್ಕಿನ ಕೊಳವೆಯ ಸುತ್ತ ಉಜ್ಜಿಕೊಂಡೇ ತಿರುಗಬೇಕು, ಅದಕ್ಕೆ ಸಿಲಿಕೋನ್ ಗ್ರೀಸು ಬೇಕು. ಬೀದರ್ ಸೀಮೆಯ ಕೆಂಪು ಮುರ್ರಂ ಧೂಳು ಆ ಗ್ರೀಸಿಗೆ ಅಂಟಿದರೆ ಉಜ್ಜುಕಾಗದವೇ ಸರಿ. ಕಿರುಗುಟ್ಟುವ ಸದ್ದು ಕೇಳುವ ಹೊತ್ತಿಗೆ ಕೊಳವೆ ಸವೆಯತೊಡಗಿರುತ್ತದೆ.

ಗಡಸುತನದ ಮಾತೂ ಇದೆ. ಶೋರ್ ಎ ಅಳತೆಯಲ್ಲಿ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70, ಪಿಯು 80ರಿಂದ 95. ಕಬ್ಬಿನ ಟ್ರಾಲಿಗಳು ಕೊರೆದ ಗಾಲಿಜಾಡಿನಲ್ಲಿ ಒಂದು ಚಕ್ರ ಎದ್ದು ಇನ್ನೊಂದು ಬಿದ್ದಾಗ ಪಾಟಾ ಓರೆಯಾಗಿ ತಿರುಚಿಕೊಳ್ಳಬೇಕು. ರಬ್ಬರ್ ಅದಕ್ಕೆ ಎಡೆ ಕೊಡುತ್ತದೆ. ಪಿಯು ಅಷ್ಟು ಎಡೆ ಕೊಡದು. ತಿರುಚುವ ಒತ್ತಡವೆಲ್ಲ ಮುಖ್ಯ ಪಾಟಾದ ಕಿವಿಗೂ ಚಾಸಿಯ ಬ್ರಾಕೆಟ್ಟಿಗೂ ಹೋಗುತ್ತದೆ. ಅಗ್ಗವಾದ ಬುಷ್ ಉಳಿದು ದುಬಾರಿಯ ಉಕ್ಕು ಬಿರಿದರೆ ಯಾರಿಗೆ ಲಾಭ?

ಮೆತ್ತಗಿರುವುದೆಲ್ಲ ದೋಷ ಎಂದುಕೊಂಡವರು ಪೋರ್ಷೆ 928ನ್ನು ನೋಡಬೇಕು. 1977ರಲ್ಲಿ ಬಂದ ಆ ಕ್ರೀಡಾ ಕಾರಿನ 'ವೈಸಾಖ್' ಹಿಂದಿನ ಆಕ್ಸಲ್‌ನಲ್ಲಿ ಎಂಜಿನಿಯರುಗಳು ಬುಷ್‌ನ ಬಾಗುವಿಕೆಯನ್ನೇ ಕೆಲಸಕ್ಕೆ ಹಚ್ಚಿದರು. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಆ ಕಾಲದ ಎಷ್ಟೋ ಕಾರುಗಳ ಹಿಂದಿನ ಚಕ್ರ ಹೊರಮುಖವಾಗಿ ಗಾಡಿ ಸುತ್ತುಹೊಡೆಯುತ್ತಿತ್ತು. ಇಲ್ಲಿ ಬುಷ್ ಮಣಿದು ಚಕ್ರವನ್ನು ಒಳಮುಖ ಮಾಡುತ್ತಿತ್ತು. ಅಲ್ಲಿ ಕಲ್ಲಿನಂಥ ಬುಷ್ ಕೂರಿಸಿದರೆ ಆ ವಿನ್ಯಾಸವನ್ನೇ ಅಳಿಸಿದಂತೆ.

ಹಾಗಾದರೆ ರಬ್ಬರಿಗೆ ಕೆಟ್ಟ ಹೆಸರು ಬಂದದ್ದೇಕೆ? ಅದರ ಆಯುಷ್ಯ ಕಡಿಮೆ ಮಾಡುವ ಎರಡು ರೂಢಿಗಳು ನಮ್ಮಲ್ಲೇ ಇವೆ. ನೀರು ಹೊಡೆಸಿದ ಮೇಲೆ ಅಡಿಗೆಲ್ಲ ಹಳೆಯ ಆಯಿಲ್ ಇಲ್ಲವೆ ಡೀಸೆಲ್ ಸಿಂಪಡಿಸುವುದು ಒಂದು. ಪಾಟಾಕ್ಕೆ ತುಕ್ಕು ಹಿಡಿಯದಿರಬಹುದು, ಆದರೆ ಎಣ್ಣೆ ಕುಡಿದ ರಬ್ಬರ್ ಉಬ್ಬಿ ಪಿಸುಕಾಗುತ್ತದೆ. ಎರಡನೆಯದು ಇನ್ನೂ ಹಾನಿಕರ: ಗಾಡಿ ಜಾಕ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯುವುದು. ಆಮೇಲೆ ಗಾಡಿ ನೆಲಕ್ಕಿಳಿದರೆ ರಬ್ಬರ್ ನಿಂತಲ್ಲೇ ಹುರಿಗೊಂಡಿರುತ್ತದೆ. ನಮ್ಮ ಕಡೆಯ ಸಸ್ತಾಪುರ ಬಂಗ್ಲಾದ ಹೆದ್ದಾರಿಯಲ್ಲಿ ಸಿಗುವ ಮೊದಲ ದೊಡ್ಡ ಕುಣಿಯೇ ಅದನ್ನು ಹರಿಯಲು ಸಾಕು. ಅಂಥ ಬುಷ್ ಬೇಗ ಹೋದದ್ದಕ್ಕೆ ಬಿಗಿದ ಕೈ ಕಾರಣ, ರಬ್ಬರ್ ಅಲ್ಲ.

ಪಿಯುವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆ್ಯಂಟಿ-ರೋಲ್ ಬಾರ್ ಇರುವ ಕಾರಿನಲ್ಲಿ ಅದರ ಕ್ಲಾಂಪಿನೊಳಗೆ ಪಿಯು ಚೊಕ್ಕ ಕೆಲಸ ಮಾಡುತ್ತದೆ. ಅಲ್ಲಿ ಬಾರ್ ಒಂದೇ ಅಕ್ಷದ ಮೇಲೆ ತಿರುಗಬೇಕಷ್ಟೆ. ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶಾಕಲ್‌ನಲ್ಲೂ ಮೆತ್ತನೆಯ ದರ್ಜೆಯದನ್ನು, ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸು ಹಚ್ಚುವ ಮಾಲೀಕ ಹಾಕಿಸಿಕೊಳ್ಳಲಿ. ಪಾಟಾದ ಮುಂದಿನ ಕಿವಿಗೆ ಮಾತ್ರ ಕಂಪನಿಯ ಅಳತೆಯ ಹೊಸ ರಬ್ಬರೇ ಆಗಬೇಕು. ಅದನ್ನು ಕೂರಿಸಿ, ಬೋಲ್ಟ್ ಸಡಿಲವಾಗಿಯೇ ಬಿಟ್ಟು, ನಾಲ್ಕೂ ಚಕ್ರ ನೆಲಕ್ಕೂರಿಸಿ, ಗಾಡಿಯನ್ನು ಮೇಲಿನಿಂದ ಒತ್ತಿ ಕುಲುಕಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ ಎಂದು ಮಿಸ್ತ್ರಿಗೆ ಹೇಳಬೇಕು.