ಹಂಚಿನ ಬೆನ್ನು ತಿರುವಿ ನೋಡಿ

ಹಳೆಯ ಶಾಲೆ ನೋಡಲು ಹೋದವರು ಬಾಗಿಲ ಮೇಲಿನ ಕಲ್ಲುಬರಹ ಹುಡುಕುತ್ತಾರೆ. ನಾನು ಮೊದಲು ನೋಡುವುದು ಮಾಡನ್ನು.

ಕಳೆದ ಬೇಸಗೆಯಲ್ಲಿ ಹಿರಿಯಡ್ಕದ ಹತ್ತಿರ ಹಳೆಯ ಶಾಲೆಯೊಂದರ ಮಾಡು ಬಿಚ್ಚಿ ತಗಡು ಹೊದೆಸುತ್ತಿದ್ದರು. ಅಂಗಳದಲ್ಲಿ ಪೇರಿಸಿಟ್ಟಿದ್ದ ಹಂಚೊಂದನ್ನು ಎತ್ತಿ, ಪಾಚಿ ಉಜ್ಜಿ, ಮಗುಚಿದೆ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್’ ಎಂಬ ಇಂಗ್ಲಿಷ್ ಅಚ್ಚು, ಜೊತೆಗೆ 1865. ಮೇಸ್ತ್ರಿ ಬಗ್ಗಿ ನೋಡಿದರು. “ಹಾಗಾದ್ರೆ ಕಟ್ಟಡ 1865ರದ್ದು ಮಾರಾಯ್ರೆ!”

ಅಲ್ಲ. ಅನೇಕರು ಎಡವುವುದು ಇಲ್ಲೇ. ಅದು ಕಾರ್ಖಾನೆ ಹುಟ್ಟಿದ ವರ್ಷ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚು ಸುಡಲು ತೊಡಗಿದ್ದು ಆಗ. ಅಚ್ಚಿನಲ್ಲಿ ಕಾಲ ಹೇಳುವುದು ಇಸವಿಯಲ್ಲ, ಹೆಸರು. 1914ರ ಯುದ್ಧದಲ್ಲಿ ಜರ್ಮನ್ ಮಿಷನರಿಗಳು ಸೆರೆಯಾದರು, ಉದ್ಯಮ ಕೈತಪ್ಪಿತು, 1919ರಲ್ಲಿ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಬಂತು. ಹಂಚಿನಲ್ಲಿ ‘ಮಿಷನ್’ ಎಂದಿದ್ದರೆ ಅದು ಈ ಕೈಬದಲಿಗೆ ಮುಂಚಿನದು; ‘ಕಾಮನ್‌ವೆಲ್ತ್’ ಎಂದಿದ್ದರೆ ಆಮೇಲಿನದು.

ಮಿಷನ್ ಇಲ್ಲಿಗೆ ಬಂದದ್ದು ಕಾರ್ಖಾನೆಗಿಂತ ಬಹಳ ಮುಂಚೆ. ಅದರ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರು ತಲುಪಿದ್ದು 1834ರ ಅಕ್ಟೋಬರ್‌ನಲ್ಲಿ. ಶಾಲೆಗಳು ಬೇಗನೆ ಹುಟ್ಟಿಕೊಂಡವು. 1854ರಲ್ಲಿ ಉಡುಪಿಯಲ್ಲೂ ಮಿಷನ್ ಕೇಂದ್ರ ತೆರೆಯಿತು; ಇಂದಿಗೂ ಆ ಜಾಗಕ್ಕೆ ಮಿಷನ್ ಕಾಂಪೌಂಡ್ ಎಂದೇ ಹೆಸರು. ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ಕೊಡಬೇಕೆಂದ ಬ್ರಿಟಿಷ್ ಮಂತ್ರಿ ವುಡ್ ಅವರ ಆದೇಶಪತ್ರವೂ ಅದೇ ವರ್ಷದ್ದು. ಆಗಿನ ನಮ್ಮ ಮಾಡುಗಳೆಂದರೆ ಬಹುಪಾಲು ಮುಳಿಹುಲ್ಲು, ಮಡಲು. ಮಳೆಗಾಲಕ್ಕೆ ಮುಂಚೆ ಹೊಸತು ಹೊದೆಸಬೇಕು, ಬೇಸಗೆಯಲ್ಲಿ ಒಂದು ಕಿಡಿ ಸಾಕು. ಮತ ಬದಲಿಸಿ ಕಸುಬು ಕಳೆದುಕೊಂಡವರಿಗೆ ದುಡಿಮೆ ಕೊಡಲು ಮಿಷನ್ ತೆರೆದ ಹಂಚಿನ ಕಾರ್ಖಾನೆ ಈ ಕರಾವಳಿಯ ಮಾಡನ್ನೇ ಬದಲಿಸಿತು.

ಅದೇ ಹೊತ್ತಿಗೆ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಇಂಗ್ಲೆಂಡಿನ ಊರುಗಳಲ್ಲಿ ಚರ್ಚಿನ ಶಾಲೆಗಳು ಏಳುತ್ತಿದ್ದವು. ಚೂಪು ಕಮಾನಿನ ಕಿಟಕಿ, ಕಡಿದಾದ ಮಾಡು, ನೆತ್ತಿಯಲ್ಲೊಂದು ಗಂಟೆ. ಅಲ್ಲಿ ತಡೆಯಬೇಕಾದದ್ದು ಚಳಿ. ಇಲ್ಲಿ ಆಟಿಯ ಮಳೆ! ಮುರಕಲ್ಲಿನ ದಪ್ಪ ಗೋಡೆ, ಉದ್ದ ಜಗಲಿ, ಎರಡೂ ಕಡೆ ಇಳಿದ ಹಂಚಿನ ಮಾಡು, ನಡುವೆ ಬೆಳಕಿಗೆ ಕನ್ನಡಿ ಹಂಚು. ನನ್ನ ಕಣ್ಣಿಗೆ ನಮ್ಮದೇ ಚೆಲುವು.

ಹಂಚನ್ನು ಕೈಯಲ್ಲಿ ಹಿಡಿದರೆ ಜಾಣ್ಮೆ ತಿಳಿಯುತ್ತದೆ. ಮೇಲೆ ನೀರು ಹರಿಯುವ ತೋಡು, ಅಂಚಿನಲ್ಲಿ ಪಕ್ಕದ ಹಂಚನ್ನು ಕಚ್ಚಿಕೊಳ್ಳುವ ಏಣು, ಕೆಳಗೆ ರೀಪಿಗೆ ಸಿಕ್ಕಿಕೊಳ್ಳುವ ಗುಬ್ಬಿ. ಮೊಳೆ ಬೇಡ, ಗಾರೆ ಬೇಡ. ಒಡೆದರೆ ಒಂದನ್ನೇ ಎತ್ತಿ ಇನ್ನೊಂದು ಇಡಬಹುದು. ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಐವತ್ತು ಮಕ್ಕಳು ಕೂತ ಕೋಣೆಗೆ ಇದಕ್ಕಿಂತ ಒಳ್ಳೆಯ ಹೊದಿಕೆ ನಾನು ಕಂಡಿಲ್ಲ. ತಗಡಿನಡಿಯಲ್ಲಿ ಜೋರು ಮಳೆ ಬಂದರೆ ಮೇಷ್ಟ್ರ ಮಾತೇ ಕೇಳಿಸುವುದಿಲ್ಲ.

ಮಾಡು ಬಿಚ್ಚಲೇಬೇಕಾದರೆ ಬಿಚ್ಚಿ. ಆದರೆ ಯಾವ ಬದಿಯಲ್ಲಿ ಯಾವ ಹೆಸರಿನ ಹಂಚಿತ್ತೆಂದು ಬರೆದಿಡಿ, ಒಂದು ಫೋಟೋ ತೆಗೆದಿಡಿ. ಯಾವ ಮೂಲೆ ಯಾವಾಗ ರಿಪೇರಿಯಾಯಿತು ಎಂಬುದಕ್ಕೆ ಎಷ್ಟೋ ಶಾಲೆಗಳಲ್ಲಿ ಉಳಿದಿರುವ ದಾಖಲೆ ಹಂಚಿನ ಅಚ್ಚೊಂದೇ.

ಮರುದಿನ ಹೋದಾಗ ಮೇಸ್ತ್ರಿ ನಾಲ್ಕು ಹಂಚು ಗೋಡೆಗೆ ಒರಗಿಸಿಟ್ಟಿದ್ದರು. ನಾಲ್ಕರ ಅಚ್ಚೂ ಬೇರೆ ಬೇರೆ.