ನಗೋಕೆ ಎರಡೂವರೆ ಗಂಟೆ ಯಾಕೆ ಬೇಕು?

"ಕಾಮಿಡಿ ಪಿಕ್ಚರ್‌ಗೆ ಯಾಕೆ ಮಗಾ ಮಲ್ಟಿಪ್ಲೆಕ್ಸು? ಓಟಿಟಿಗೆ ಬರುತ್ತಲ್ಲ!" ವೀಕೆಂಡ್ ಪ್ಲಾನ್ ಹಾಕುವಾಗ ನಮ್ಮ ಟೀಮಿನಲ್ಲಿ ಯಾರಾದರೊಬ್ಬರು ಈ ಮಾತು ಹೇಳೇ ಹೇಳ್ತಾರೆ. 'ಕೆಜಿಎಫ್', 'ಕಾಂತಾರ' ಬಂದಾಗ ಮೊದಲ ವಾರವೇ ಟಿಕೆಟ್ ಬುಕ್ ಮಾಡಿದವರೂ ಇವರೇ. ದೊಡ್ಡ ಪರದೆ ಇರೋದು ಹೊಡೆದಾಟಕ್ಕೆ, ಸೌಂಡಿಗೆ. ನಗೋದಕ್ಕೆ ಮೊಬೈಲ್ ಸಾಕು ಅನ್ನೋ ಲೆಕ್ಕ.

ಮೇಲ್ನೋಟಕ್ಕೆ ಲೆಕ್ಕ ಸರಿ. ಫೋನಿನಲ್ಲಿ ಅರ್ಧ ನಿಮಿಷಕ್ಕೊಂದು ನಗು ಪುಕ್ಕಟೆ ಸಿಗುತ್ತೆ. 'ಮಠ' (2006), 'ಎದ್ದೇಳು ಮಂಜುನಾಥ' (2009) ಸಿನಿಮಾಗಳ ಜಗ್ಗೇಶ್ ಡೈಲಾಗುಗಳು ಇವತ್ತಿಗೂ ತುಣುಕುಗಳಾಗಿ ಓಡಾಡ್ತಿವೆ. ಆದರೆ ಆ ತುಣುಕು ನಮ್ಮನ್ನು ಅಷ್ಟು ನಗಿಸೋದು ಮಂಜ ಎಂಥವನು ಅಂತ ಮೊದಲೇ ಗೊತ್ತಿರೋದರಿಂದ. ಆ ಪರಿಚಯ ಮಾಡಿಸಿದ್ದು ಯಾರೂ ಫಾರ್ವರ್ಡ್ ಮಾಡದ ದೃಶ್ಯಗಳು.

ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' (1990) ತಗೊಳ್ಳಿ. ವಠಾರದಲ್ಲಿ ಅನಂತ್ ನಾಗ್, ವಿನಯಾ ಪ್ರಸಾದ್ ಎದುರುಬದುರಾದರೆ ಸಾಕು, ಕಿತ್ತಾಟ. ಇತ್ತ ಅವನು ಮುಖ ನೋಡದ ಗಾಯಕಿಯೊಬ್ಬಳನ್ನು ಪ್ರೀತಿಸ್ತಿದ್ದಾನೆ. ಅವಳೇ ಇವಳು ಅನ್ನೋದು ಅವನಿಗೆ ಗೊತ್ತಿಲ್ಲ. ಹಾಗಾಗಿಯೇ ಆ ಜಗಳಗಳಿಗೆ ರುಚಿ. ಅದರಲ್ಲೊಂದನ್ನು ಕತ್ತರಿಸಿ ರೀಲ್ ಮಾಡಿದರೆ ಬರೀ ಜಗಳ ಉಳಿಯುತ್ತೆ.

ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ಟಿವಿ, ವಿಸಿಪಿ ಬಾಡಿಗೆ ತಂದು ಇಂಥ ಸಿನಿಮಾ ಹಾಕ್ತಿದ್ರು. ಮುಂದೇನಾಗುತ್ತೆ ಅಂತ ಗೊತ್ತಿದ್ದವರು ಮೊದಲು ನಗೋರು, ಅವರನ್ನು ನೋಡಿ ಉಳಿದವರು. ಹೊಲದ ಬದುವಿನ ವಿಚಾರಕ್ಕೆ ಮಾತುಬಿಟ್ಟವರೂ ಒಂದೇ ಜಾಗದಲ್ಲಿ ನಗೋರು. ಇಯರ್‌ಫೋನ್ ಹಾಕ್ಕೊಂಡು ಒಬ್ಬೊಬ್ಬರೇ ನೋಡುವಾಗ ಕಳೆದುಹೋಗೋದು ಇದೇ.

ಆದರೂ ನನ್ನ ತಕರಾರು ಪ್ರೇಕ್ಷಕರಿಗಿಂತ ಬರೆಯುವವರ ಮೇಲೇ ಹೆಚ್ಚು. ಫೋನಿನ ಜೊತೆ ಪೈಪೋಟಿಗೆ ಬಿದ್ದು ಎಷ್ಟೋ ಸಿನಿಮಾಗಳು ತಾವೇ ರೀಲ್ಸ್‌ಗಳ ಸರಮಾಲೆ ಆಗಿಬಿಟ್ಟವು. ಎರಡು ನಿಮಿಷಕ್ಕೊಂದು ಪಂಚ್, ನಡುನಡುವೆ ಡಬಲ್ ಮೀನಿಂಗ್, ವೈರಲ್ ಆದ ಮುಖಕ್ಕೊಂದು ಪಾತ್ರ. ಪುಕ್ಕಟೆ ಸಿಗೋದನ್ನೇ ದುಡ್ಡು ಕೊಟ್ಟು ಯಾರು ನೋಡ್ತಾರೆ?

2025ರಲ್ಲಿ ಬಂದ 'ಸು ಫ್ರಮ್ ಸೋ' ಈ ಲೆಕ್ಕವನ್ನು ತಲೆಕೆಳಗು ಮಾಡಿತು. ನಿರ್ದೇಶಕ ಜೆ.ಪಿ. ತುಮಿನಾಡು ಪಂಚ್‌ಗಳನ್ನು ಪೇರಿಸದೆ ಕರಾವಳಿಯ ಒಂದಿಡೀ ಊರನ್ನೇ ನಮಗೆ ಪರಿಚಯ ಮಾಡಿಸಿದರು. ಅಶೋಕನ ಮೈಮೇಲೆ ಸುಲೋಚನಾ ಬಂದಿದ್ದಾಳೆ ಅಂತ ಊರೇ ನಂಬಿಬಿಡುತ್ತೆ. ಯಾರು ಹೇಗೆ ಅಂತ ಗೊತ್ತಾದ ಮೇಲೆ ಅವರು ಸುಮ್ಮನೆ ಮುಖ ಮುಖ ನೋಡಿಕೊಂಡರೂ ನಗು ಬರುತ್ತೆ. ಅದೇ ಮಲ್ಟಿಪ್ಲೆಕ್ಸ್‌ಗಳು ತುಂಬಿದವು.

ಮುಂದಿನ ಸಲ ಕಾಮಿಡಿ ಸಿನಿಮಾದ ಮೊದಲ ಇಪ್ಪತ್ತು ನಿಮಿಷ 'ಲ್ಯಾಗ್' ಅನ್ನಿಸಿದರೆ ಒಂದು ನೋಡಿ: ಇದು ಬರೀ ಎಳೆದಾಟವೋ, ಪರಿಚಯವೋ? ಎಳೆದಾಟ ಆದರೆ ಧಾರಾಳವಾಗಿ ಬೈಯಿರಿ. ಪರಿಚಯ ಆದರೆ ಸ್ವಲ್ಪ ಕಾಯಿರಿ, ಫೋನ್ ಜೇಬಲ್ಲೇ ಇರಲಿ.